ಶತ್ರುವಿಗೆ ಕಾಣಬಾರದು, ನಮ್ಮವರಿಗೆ ಕಾಣಲೇಬೇಕು

1944ರ ಜೂನ್ ಮೊದಲ ವಾರ. ಇಂಗ್ಲೆಂಡಿನ ವಾಯುನೆಲೆಗಳಲ್ಲಿ ಕಪ್ಪು, ಬಿಳಿ ಬಣ್ಣದ ಡಬ್ಬಗಳು ಸಾಲುಸಾಲಾಗಿ ಹೊರಬಂದವು. ರೆಕ್ಕೆಗಳ ಸುತ್ತ ಮತ್ತು ಬಾಲದ ಕಡೆಯ ಒಡಲಿನ ಸುತ್ತ ಐದೈದು ಪಟ್ಟೆ ಬಳಿಯಬೇಕು, ಮೂರು ಬಿಳಿ, ಎರಡು ಕಪ್ಪು. ಒಂಟಿ ಎಂಜಿನ್ನಿನ ವಿಮಾನಕ್ಕೆ ಪ್ರತಿ ಪಟ್ಟೆ 18 ಅಂಗುಲ ಅಗಲ, ಅವಳಿ ಎಂಜಿನ್ನಿನದಕ್ಕೆ 24 ಅಂಗುಲ. ಕೆಲಸ ಎರಡು ದಿನದೊಳಗೆ ಮುಗಿಯಬೇಕು, ಸುದ್ದಿ ಬೇಲಿಯಾಚೆ ಹೋಗಬಾರದು. ನೆಲದ ಸಿಬ್ಬಂದಿ ಕೈಗೆ ಸಿಕ್ಕಿದ ಕುಂಚ ಹಿಡಿದರು. ಕುಂಚ ಸಾಲದ ಕಡೆ ಪೊರಕೆಯನ್ನೇ ಅದ್ದಿ ಬಳಿದರು. ಆಗಿನ ಫೋಟೊಗಳಲ್ಲಿ ಅನೇಕ ವಿಮಾನಗಳ ಪಟ್ಟೆ ಸೊಟ್ಟಗಿರುವುದು ಅದಕ್ಕೇ.

ಐದು ವರ್ಷಗಳ ಕಾಲ ಇದೇ ಜನ ಇದೇ ವಿಮಾನಗಳನ್ನು ಅಡಗಿಸಲು ತಲೆ ಕೆಡಿಸಿಕೊಂಡಿದ್ದರು. ಹಸಿರು ಎಷ್ಟು ಗಾಢ, ಬೂದು ಎಷ್ಟು ತಿಳಿ ಎಂದು ಅಳೆದು ತೂಗಿದ್ದರು. ನಾರ್ಮಂಡಿ ದಾಳಿಯ ಮುನ್ನಾದಿನ ಆ ಲೆಕ್ಕವನ್ನೆಲ್ಲ ಬದಿಗಿಟ್ಟು, ಮೈಲಿ ದೂರದಿಂದಲೂ ಕಣ್ಣಿಗೆ ರಾಚುವ ಪಟ್ಟೆ ಹಾಕಿದರು. ಆ ಹೊತ್ತಿಗೆ ಜರ್ಮನ್ ಗುಂಡಿಗಿಂತ ಹೆಚ್ಚಿನ ಭಯ ಹುಟ್ಟಿಸಿದ್ದು ತಮ್ಮವರದೇ ಗುಂಡು.

ಆ ಭಯಕ್ಕೆ ಹಿಂದಿನ ವರ್ಷದ ಸಿಸಿಲಿ ಕಾರಣ. 1943ರ ಜುಲೈ 11ರ ರಾತ್ರಿ 144 ಅಮೆರಿಕನ್ ಸಾಗಣೆ ವಿಮಾನಗಳು ಪ್ಯಾರಾಟ್ರೂಪರ್‌ಗಳನ್ನು ಹೊತ್ತು ದ್ವೀಪದ ತೀರಕ್ಕೆ ಬಂದವು. ಕೆಳಗಿದ್ದ ಹಡಗುಗಳ ಮೇಲೆ ಅಂದು ಜರ್ಮನ್ ಬಾಂಬರ್‌ಗಳು ದಾಳಿ ಮಾಡಿ ಹೋಗಿದ್ದವು, ತೋಪಿನವರ ನರಗಳು ಬಿಗಿದೇ ಇದ್ದವು. ಒಬ್ಬ ಹಾರಿಸಿದ, ಉಳಿದವರು ಹಿಂಬಾಲಿಸಿದರು. 23 ವಿಮಾನಗಳು ನೆಲಕ್ಕುರುಳಿದವು. ಹೊಡೆದವರು, ಸತ್ತವರು ಎಲ್ಲರೂ ಒಂದೇ ಪಕ್ಷದವರು. ರಾತ್ರಿಯ ಕತ್ತಲಲ್ಲಿ ಪಟ್ಟೆ ಎಷ್ಟರಮಟ್ಟಿಗೆ ಕಾಪಾಡುತ್ತಿತ್ತೋ ಏನೋ, ಸೇನಾಧಿಕಾರಿಗಳಂತೂ ಇನ್ನೊಂದು ಸಿಸಿಲಿ ಆಗಬಾರದೆಂದು ನಿರ್ಧರಿಸಿದ್ದರು. ನಾಲ್ಕು ಎಂಜಿನ್ನಿನ ಭಾರೀ ಬಾಂಬರ್‌ಗಳಿಗೆ ಮಾತ್ರ ಪಟ್ಟೆಯಿಂದ ವಿನಾಯಿತಿ ಸಿಕ್ಕಿತು. ಜರ್ಮನ್ನರ ಬಳಿ ಅಂಥವು ಬೆರಳೆಣಿಕೆಯಷ್ಟೇ ಇದ್ದುದರಿಂದ ಆಕಾರವೇ ಗುರುತು.

ಯುದ್ಧವಿಮಾನದ ಬಣ್ಣವೆಂದರೆ ನಮಗೆ ಥಟ್ಟನೆ ನೆನಪಾಗುವುದು ಊಸರವಳ್ಳಿ. ಆದರೆ ಊಸರವಳ್ಳಿಗೆ ತನ್ನ ಕಡೆಯವರು ಬಂದೂಕು ಹಿಡಿದು ಮೇಲೆ ನೋಡುತ್ತ ಕೂತಿದ್ದಾರೆಂಬ ಚಿಂತೆಯಿಲ್ಲ. ವಿಮಾನಕ್ಕೆ ಅದು ಹುಟ್ಟಿದಂದಿನಿಂದ ಇದೆ. ಹಾಗಾಗಿ ಅದರ ಮೈಮೇಲೆ ಮೊದಲು ಬಂದದ್ದು ಗುರುತು, ಮರೆಮಾಚುವ ಬಣ್ಣ ಬಂದದ್ದು ಆಮೇಲೆ.

1912ರಲ್ಲೇ ಫ್ರಾನ್ಸ್ ತನ್ನ ಸೇನಾ ವಿಮಾನಗಳಿಗೆ ರಾಷ್ಟ್ರೀಯ ಚಿಹ್ನೆ ಹಾಕಿತು. ಕ್ರಾಂತಿಯ ಕಾಲದಲ್ಲಿ ಜನ ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮೂರು ಬಣ್ಣದ ಬಿಲ್ಲೆಯೇ ಅದು. ನಡುವೆ ನೀಲಿ, ಸುತ್ತ ಬಿಳಿ, ಹೊರಗೆ ಕೆಂಪು. ಬ್ರಿಟಿಷರು 1914ರಲ್ಲಿ ಏನೂ ಗುರುತಿಲ್ಲದೆ ರಣರಂಗಕ್ಕೆ ಹಾರಿದರು. ಕಂದಕದಲ್ಲಿದ್ದ ಸಿಪಾಯಿಗಳಲ್ಲಿ ಹೆಚ್ಚಿನವರು ವಿಮಾನವನ್ನೇ ಕಂಡವರಲ್ಲ. ತಲೆಯ ಮೇಲೆ ಗುಂಯ್‌ಗುಟ್ಟಿದ್ದಕ್ಕೆಲ್ಲ ರೈಫಲ್ ಎತ್ತಿದರು. ಪೈಲಟ್‌ಗಳ ಗೋಳು ಕೇಳಲಾರದೆ ರೆಕ್ಕೆಯ ಕೆಳಗೆ ಯೂನಿಯನ್ ಜಾಕ್ ಬಾವುಟವನ್ನೇ ಬರೆಸಲಾಯಿತು. ಅಲ್ಲೊಂದು ಎಡವಟ್ಟು. ದೂರದಿಂದ ನೋಡಿದರೆ ಆ ಬಾವುಟದಲ್ಲಿ ಕಣ್ಣಿಗೆ ಬೀಳುವುದು ನಡುವಿನ ಕೆಂಪು ಶಿಲುಬೆ ಮಾತ್ರ. ಜರ್ಮನ್ನರ ಗುರುತೂ ಶಿಲುಬೆಯೇ! ಗುಂಡು ನಿಲ್ಲಲಿಲ್ಲ.

ಆಗ ಬ್ರಿಟಿಷರು ಫ್ರೆಂಚರ ವೃತ್ತವನ್ನೇ ತಂದು, ಬಣ್ಣಗಳನ್ನು ತಿರುಗುಮುರುಗು ಮಾಡಿ, ಕೆಂಪನ್ನು ನಡುವಿಗೂ ನೀಲಿಯನ್ನು ಹೊರಗೂ ಇಟ್ಟರು. 1914 ಮುಗಿಯುವಷ್ಟರಲ್ಲಿ ಬಳಕೆಗೆ ಬಂದ ಆ ರೌಂಡೆಲ್ ಬ್ರಿಟಿಷ್ ವಾಯುಪಡೆಯಲ್ಲಿ ಇಂದಿಗೂ ಇದೆ. ಅಲ್ಲಿಂದ ಅದು ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು. ಇಂದು ನಮ್ಮ ವಾಯುಪಡೆಯ ವಿಮಾನಗಳ ಮೇಲಿರುವ ಕೇಸರಿ, ಬಿಳಿ, ಹಸಿರು ವೃತ್ತಗಳೂ ಅದೇ ವಂಶಕ್ಕೆ ಸೇರಿದವು. ಜರ್ಮನ್ನರು ಮಾತ್ರ ಶಿಲುಬೆ ಬಿಡಲಿಲ್ಲ. ಅಂಚು ಬಾಗಿದ ತಮ್ಮ ಕಬ್ಬಿಣದ ಶಿಲುಬೆ ದೂರಕ್ಕೆ ಮಸುಕಾಗಿ ವೃತ್ತದಂತೆ ಕಾಣಬಾರದೆಂದು 1918ರಲ್ಲಿ ಅದನ್ನು ನೇರ ಗೆರೆಗಳ ಶಿಲುಬೆಯಾಗಿ ಬದಲಿಸಿಕೊಂಡರು.

ಅಡಗುವ ಬಣ್ಣ ಬಂದದ್ದು ಅರ್ಧ ಆಕಸ್ಮಿಕವಾಗಿ. ಆಗಿನ ವಿಮಾನವೆಂದರೆ ಮರದ ಚೌಕಟ್ಟು, ಅದರ ಮೇಲೆ ಬಿಗಿದ ಲಿನನ್ ಬಟ್ಟೆ, ಬಟ್ಟೆ ಬಿಗಿಯಾಗಿ ನಿಲ್ಲಲು ಬಳಿದ ಡೋಪ್ ಎಂಬ ಅಂಟುದ್ರವ. ನೋಡಲು ಕೆನೆಬಣ್ಣ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಆ ಲಿನನ್ ಬೇಗನೆ ಲಡ್ಡಾಗುತ್ತಿತ್ತು. ಅದನ್ನು ತಡೆಯಲು ಬ್ರಿಟಿಷರು ಡೋಪಿನ ಮೇಲೆ ಹಳದಿಮಣ್ಣು ಮತ್ತು ದೀಪದ ಮಸಿ ಬೆರೆಸಿದ ಲೇಪ ಹಾಕತೊಡಗಿದರು. ಪಿಸಿ10 ಎಂಬುದು ಅದರ ಹೆಸರು. ಹಸಿರೋ ಕಂದೋ ಹೇಳಲಾಗದ ಖಾಕಿ ಬಣ್ಣ. ಬಟ್ಟೆ ಉಳಿಸಲು ಬಂದ ಲೇಪ, ಮೇಲಿನಿಂದ ನೋಡಿದರೆ ಹೊಲಗಳ ನಡುವೆ ವಿಮಾನವನ್ನೂ ಅಡಗಿಸುತ್ತಿತ್ತು. ರೆಕ್ಕೆಯ ಕೆಳಮೈ ಮಾತ್ರ ಕೆನೆಬಣ್ಣದಲ್ಲೇ ಉಳಿಯಿತು. ಕೆಳಗಿಂದ ನೋಡುವವನಿಗೆ ಹಿನ್ನೆಲೆ ಆಕಾಶವಲ್ಲವೇ.

ಜರ್ಮನ್ನರು ಒಂದು ಹೆಜ್ಜೆ ಮುಂದೆ ಹೋಗಿ ಬಟ್ಟೆಯ ಮೇಲೆಯೇ ವಿನ್ಯಾಸ ಅಚ್ಚು ಹಾಕಿಸಿದರು. ನಾಲ್ಕೈದು ಬಣ್ಣದ ಬಹುಭುಜಗಳು ಒತ್ತೊತ್ತಾಗಿ ಕೂತ ಥಾನುಗಳು ಗಿರಣಿಯಿಂದ ನೇರವಾಗಿ ವಿಮಾನ ಕಾರ್ಖಾನೆಗೆ ಬರುತ್ತಿದ್ದವು. ಕತ್ತರಿಸಿ ಹೊಲಿದರೆ ಆಯಿತು. ಬಣ್ಣ ಬಳಿಯುವ ಸಮಯ ಉಳಿಯಿತು, ಬಣ್ಣದ ತೂಕವೂ ಉಳಿಯಿತು. ಹೋಗಲಿ, ಬಣ್ಣವೇ ಬೇಡವೆಂದು ಪಾರದರ್ಶಕ ವಿಮಾನ ಕಟ್ಟಿದವರೂ ಅವರೇ. ಲಿಂಕೆ-ಹಾಫ್‌ಮನ್ ಆರ್.1 ಎಂಬ ದೈತ್ಯ ಬಾಂಬರಿನ ಮೊದಲ ಮಾದರಿಗೆ ಸೆಲ್ಲಾನ್ ಎಂಬ ಗಾಜಿನಂಥ ಹಾಳೆ ಹೊದಿಸಿದರು. ಆಕಾಶದಲ್ಲಿ ಮಾಯವಾಗಬೇಕಾಗಿದ್ದ ಅದು ಬಿಸಿಲು ಬಿದ್ದೊಡನೆ ಫಳಫಳ ಹೊಳೆಯಿತು. ಹಾಳೆ ಹಳದಿಗಟ್ಟಿತು, ಹವೆ ಬದಲಾದಂತೆಲ್ಲ ಜೋಲುಬಿತ್ತು. 1917ರಲ್ಲಿ ಆ ವಿಮಾನ ಬಿದ್ದು ಒಡೆಯಿತು, ಮಾಯಾವಿಮಾನದ ಆಸೆಯೂ ಅಲ್ಲಿಗೆ ತಣ್ಣಗಾಯಿತು.

ಇಷ್ಟೆಲ್ಲ ಅಡಗುವ ಯತ್ನದ ನಡುವೆ ಅದೇ 1917ರ ಆರಂಭದಲ್ಲಿ ಮಾನ್‌ಫ್ರೆಡ್ ಫಾನ್ ರಿಚ್ಟೊಫೆನ್ ಎಂಬ ಜರ್ಮನ್ ಪೈಲಟ್ ತನ್ನ ಆಲ್ಬಟ್ರಾಸ್ ವಿಮಾನಕ್ಕೆ ಕಡುಗೆಂಪು ಬಳಿಸಿದ. ಯಾಕೆ ಹಾಗನ್ನಿಸಿತೋ ಅವನ ಆತ್ಮಕಥೆಯಲ್ಲೂ ಸರಿಯಾದ ಕಾರಣ ಸಿಗುವುದಿಲ್ಲ. ಅವನ ತುಕಡಿಯ ಉಳಿದವರೂ ಕೆಂಪು ಹಚ್ಚಿ, ತಮ್ಮ ತಮ್ಮ ಗುರುತಿಗೆ ಬೇರೆ ಬಣ್ಣದ ತುಂಡು ಸೇರಿಸಿಕೊಂಡರು. ಬ್ರಿಟಿಷರು ಅದನ್ನು ಹಾರುವ ಸರ್ಕಸ್ ಎಂದರು. ಬರೀ ಶೋಕಿ ಎನ್ನುವಂತಿಲ್ಲ. ರೇಡಿಯೊ ಇಲ್ಲದ ಕಾಲದಲ್ಲಿ, ಇಪ್ಪತ್ತು ಮೂವತ್ತು ವಿಮಾನಗಳು ಸುತ್ತಿಕೊಂಡ ಕಾಳಗದಲ್ಲಿ, ತಮ್ಮ ನಾಯಕ ಎಲ್ಲಿದ್ದಾನೆಂದು ತಿಳಿಯಲು ಅದಕ್ಕಿಂತ ಸುಲಭ ಉಪಾಯ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಬಣ್ಣಗಳಿಗೆ ಸುಗ್ಗಿ. ಬ್ರಿಟಿಷ್ ವಿಮಾನಗಳು ಬೆಳ್ಳಿಬಣ್ಣ ಬಳಿದುಕೊಂಡು ಸ್ಕ್ವಾಡ್ರನ್ನಿನ ಪಟ್ಟಿ, ಚೌಕಗಳನ್ನು ಮೆರೆಸಿದವು. ಅಮೆರಿಕದ ವಿಮಾನಗಳ ರೆಕ್ಕೆ ಹಳದಿ, ಎಲ್ಲಾದರೂ ಬಿದ್ದರೆ ಹುಡುಕಲು ಸುಲಭವಾಗಲೆಂದು.

1938ರ ಮ್ಯೂನಿಕ್ ಬಿಕ್ಕಟ್ಟಿನ ಹೊತ್ತಿಗೆ ಆ ಸುಗ್ಗಿ ಮುಗಿಯಿತು. ಬ್ರಿಟಿಷ್ ಯುದ್ಧವಿಮಾನಗಳ ಬೆನ್ನಿಗೆ ಮಣ್ಣಿನ ಕಂದು ಮತ್ತು ಗಾಢ ಹಸಿರು ಅಲೆಅಲೆಯಾಗಿ ಬಂದವು. ಈ ಅಲೆಗಳನ್ನು ಮನಬಂದಂತೆ ಎಳೆಯುವ ಹಾಗಿರಲಿಲ್ಲ. ಎ, ಬಿ ಎಂದು ಎರಡು ನಕ್ಷೆಗಳಿದ್ದವು, ಒಂದು ಇನ್ನೊಂದರ ಕನ್ನಡಿ ಬಿಂಬ, ವಿಮಾನದ ಕ್ರಮಸಂಖ್ಯೆ ನೋಡಿ ಯಾವುದೆಂದು ನಿರ್ಧಾರ. ಬಣ್ಣ ಹೊಂದುವುದಕ್ಕಿಂತ ಆಕಾರ ಒಡೆಯುವುದು ಮುಖ್ಯ ಎಂಬುದು ಇದರ ಹಿಂದಿನ ತರ್ಕ. ರೆಕ್ಕೆಯ ಅಂಚು ಎಲ್ಲಿ ಮುಗಿಯಿತು, ಒಡಲು ಎಲ್ಲಿ ಶುರುವಾಯಿತು ಎಂದು ಕಣ್ಣು ತಡಕಾಡಬೇಕು. ಇದನ್ನು ಮೊದಲು ಹೇಳಿಕೊಟ್ಟವರು ಸೈನಿಕರಲ್ಲ, ಪ್ರಾಣಿಗಳನ್ನು ನೋಡುತ್ತ ಕೂತಿದ್ದವರು. ಅಮೆರಿಕದ ಚಿತ್ರಕಾರ ಆಬಟ್ ಥೇಯರ್ 1896ರಲ್ಲೇ ಜಿಂಕೆ, ಹಕ್ಕಿಗಳ ಬೆನ್ನು ಗಾಢ, ಹೊಟ್ಟೆ ತಿಳಿ ಯಾಕೆಂದು ವಿವರಿಸಿದ್ದ. ಮೇಲಿನ ಬೆಳಕು ಮತ್ತು ಕೆಳಗಿನ ನೆರಳು ಒಂದನ್ನೊಂದು ಅಳಿಸಿ, ಪ್ರಾಣಿ ಉಬ್ಬಿಲ್ಲದ ಚಪ್ಪಟೆ ಹಾಳೆಯಂತೆ ಹಿನ್ನೆಲೆಯಲ್ಲಿ ಕರಗುತ್ತದೆ ಎಂದು.

ಬೆನ್ನಿನ ಬಣ್ಣ ಹೀಗೆ ತೀರ್ಮಾನವಾಯಿತು. ಹೊಟ್ಟೆಯ ಬಣ್ಣದ ಮೇಲೆ ಮಾತ್ರ ಜಗಳ ಬಗೆಹರಿಯಲಿಲ್ಲ, ಯಾಕೆಂದರೆ ಕೆಳಗಿನಿಂದ ನೋಡುತ್ತಿದ್ದವರು ಬ್ರಿಟನ್ನಿನದೇ ತೋಪಿನವರು. ಯುದ್ಧದ ಮೊದಲ ತಿಂಗಳುಗಳಲ್ಲಿ ಬ್ರಿಟಿಷ್ ಫೈಟರ್‌ಗಳ ಕೆಳಮೈ ಅರ್ಧ ಕಪ್ಪು, ಅರ್ಧ ಬಿಳಿ ಇತ್ತು, ಕೆಳಗಿನವರಿಗೆ ತಮ್ಮದೆಂದು ಗೊತ್ತಾಗಲೆಂದು. ಗಾಳಿಯಲ್ಲಿ ಎದುರಾದವರಿಗೆ ಅದೂ ಉಪಯೋಗಕ್ಕೆ ಬರಲಿಲ್ಲ. ಬ್ರಿಟನ್ ಯುದ್ಧ ಸಾರಿ ಮೂರು ದಿನವಾಗಿತ್ತಷ್ಟೆ. 1939ರ ಸೆಪ್ಟೆಂಬರ್ 6ರ ಬೆಳಗ್ಗೆ ಸುಳ್ಳು ಎಚ್ಚರಿಕೆಯ ಗೊಂದಲದಲ್ಲಿ ಸ್ಪಿಟ್‌ಫೈರ್‌ಗಳು ತಮ್ಮವೇ ಆದ ಹರಿಕೇನ್‌ಗಳ ಮೇಲೆ ಎರಗಿ ಎರಡನ್ನು ಕೆಡವಿದವು. ಒಬ್ಬ ಪೈಲಟ್ ಸತ್ತ. ಆ ಯುದ್ಧದಲ್ಲಿ ಪ್ರಾಣ ಬಿಟ್ಟ ಮೊದಲ ಬ್ರಿಟಿಷ್ ಫೈಟರ್ ಪೈಲಟ್ ಅವನೇ. ಆ ಬೆಳಗ್ಗೆ ಬ್ರಿಟನ್ನಿನ ಆಕಾಶದಲ್ಲಿ ಒಂದೇ ಒಂದು ಜರ್ಮನ್ ವಿಮಾನವೂ ಇರಲಿಲ್ಲ.

ಕೊನೆಗೆ 1940ರ ಬೇಸಿಗೆಯಲ್ಲಿ ಹೊಟ್ಟೆಗೆ ತಿಳಿ ಹಸಿರು ಛಾಯೆಯ ಬಣ್ಣ ನಿಕ್ಕಿಯಾಯಿತು. ಬಾತುಕೋಳಿ ಮೊಟ್ಟೆಯ ಬಣ್ಣ, ಅಧಿಕೃತವಾಗಿ 'ಸ್ಕೈ'. ಇದರ ಮೂಲದಲ್ಲಿ ಒಬ್ಬ ಭಾರತೀಯ ಮಹಾರಾಜ ಬರುತ್ತಾರೆ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯನ್ ಸಾಹಸಿ ಬ್ರಿಟಿಷರಿಗಾಗಿ ಗುಪ್ತವಾಗಿ ವಿಮಾನದಿಂದ ಫೋಟೊ ತೆಗೆಯುತ್ತಿದ್ದ. ಲಂಡನ್ ಬಳಿಯ ಹೆಸ್ಟನ್ ನಿಲ್ದಾಣದಿಂದ ಜೋಧಪುರದ ಮಹಾರಾಜರ ತಿಳಿಹಸಿರು ವಿಮಾನ ಮೇಲೇರಿದ್ದನ್ನು ನೋಡುತ್ತಿದ್ದನಂತೆ. ಉಳಿದ ವಿಮಾನಗಳಿಗಿಂತ ಎಷ್ಟೋ ಬೇಗ ಅದು ಕಣ್ಮರೆಯಾಯಿತಂತೆ. ಅದೇ ಛಾಯೆಯನ್ನು ಮಾಡಿಸಿ ಅದಕ್ಕೆ ಕ್ಯಾಮೋಟಿಂಟ್ ಎಂದು ಹೆಸರಿಟ್ಟ. ಕಾಟನ್ ತನ್ನ ಕಥೆಗಳಿಗೆ ಒಗ್ಗರಣೆ ಹಾಕುವುದರಲ್ಲಿ ಹಿಂದೆ ಬಿದ್ದವನಲ್ಲ. ಆದರೂ ಅವನ ಫೋಟೊ ತುಕಡಿಯ ವಿಮಾನಗಳು ಆ ಬಣ್ಣದಲ್ಲೇ ಹಾರಿದ್ದು ದಿಟ.

ಅದೇ ಫೋಟೊ ತುಕಡಿಗಳು ಕೆಲವು ಸ್ಪಿಟ್‌ಫೈರ್‌ಗಳಿಗೆ ಗುಲಾಬಿ ಬಣ್ಣವನ್ನೂ ಬಳಿದವು. ತಮಾಷೆಗಲ್ಲ. ಬೆಳಗಿನ, ಸಂಜೆಯ ಹೊತ್ತು ಮೋಡದ ಹೊಟ್ಟೆಗೆ ಅಂಟಿಕೊಂಡಂತೆ ಕೆಳಮಟ್ಟದಲ್ಲಿ ಹಾರುವ ವಿಮಾನಗಳವು. ಆ ಹೊತ್ತಿನ ಮೋಡಕ್ಕೆ ತೀರಾ ತಿಳಿಯಾದ ಗುಲಾಬಿಯಷ್ಟು ಚೆನ್ನಾಗಿ ಹೊಂದುವ ಬಣ್ಣ ಬೇರೊಂದಿಲ್ಲ. ಎತ್ತರದಲ್ಲಿ ಹಾರುವವಕ್ಕೆ ಮಾತ್ರ ಮೈಯೆಲ್ಲ ನೀಲಿ.

ರಾತ್ರಿ ಹಾರಾಟಕ್ಕೆ ಯಾವ ಬಣ್ಣ? ಯಾರನ್ನು ಕೇಳಿದರೂ ಕಪ್ಪು ಎನ್ನುತ್ತಾರೆ. ಬ್ರಿಟಿಷರೂ ಹಾಗೇ ಅಂದುಕೊಂಡು ಮಸಿಯಂಥ, ಹೊಳಪೇ ಇಲ್ಲದ ಕಪ್ಪನ್ನು ತಮ್ಮ ರಾತ್ರಿ ಫೈಟರ್‌ಗಳಿಗೆ ಬಳಿದರು. ಆ ಲೇಪ ಎಷ್ಟು ಒರಟಾಗಿತ್ತೆಂದರೆ ವಿಮಾನದ ವೇಗವೇ ಇಳಿಯಿತು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ರಾತ್ರಿಯ ಆಕಾಶ ನಾವು ತಿಳಿದಷ್ಟು ಕಪ್ಪಲ್ಲ, ನಕ್ಷತ್ರ, ಚಂದ್ರ, ಮೋಡದ ಬೆಳಕಿರುತ್ತದೆ. ಅದರೆದುರು ಕಪ್ಪು ವಿಮಾನ ಕತ್ತರಿಸಿ ಅಂಟಿಸಿದ ನೆರಳಿನಂತೆ ಕಾಣುತ್ತದೆ. 1942ರ ಕೊನೆಯ ಹೊತ್ತಿಗೆ ರಾತ್ರಿ ಫೈಟರ್‌ಗಳು ಬೂದು ಮೈ, ಬೆನ್ನಿಗೆ ಹಸಿರು ಪಟ್ಟೆಗಳಿಗೆ ಬದಲಾದವು. ಜರ್ಮನ್ನರು ತಮ್ಮ ದಾರಿಯಲ್ಲಿ ನಡೆದು ಇದೇ ತಿಳಿಬೂದಿಗೆ ಬಂದು ನಿಂತರು.

ಸರ್ಚ್‌ಲೈಟಿನ ಎದುರು ಮತ್ತೆ ಬೇರೆ ನ್ಯಾಯ. ಅಲ್ಲಿ ಕಪ್ಪೇ ಸರಿ, ಆದರೆ ಕನ್ನಡಿಯಂತೆ ಹೊಳೆಯುವ ಕಪ್ಪು. ಒರಟು ಕಪ್ಪು ಬಿದ್ದ ಬೆಳಕನ್ನು ನಾಲ್ಕೂ ಕಡೆ ಚೆದುರಿಸುತ್ತದೆ, ಒಂದಿಷ್ಟು ಕೆಳಗಿರುವವನ ಕಣ್ಣಿಗೂ ಬೀಳುತ್ತದೆ. ನುಣುಪಾದ ಮೈ ಬಹುಪಾಲು ಬೆಳಕನ್ನು ಒಂದೇ ದಿಕ್ಕಿಗೆ ಎಸೆದುಬಿಡುತ್ತದೆ, ಆ ದಿಕ್ಕಿನಲ್ಲಿ ನೋಡುವವನಿರುವ ಸಂಭವ ಕಡಿಮೆ. ಅಮೆರಿಕದ ಪಿ-61 ಬ್ಲ್ಯಾಕ್ ವಿಡೊ ರಾತ್ರಿ ಫೈಟರ್‌ಗಳು ಪಾಲಿಶ್ ಹಾಕಿದ ಬೂಟಿನಂತೆ ಮಿರುಗುತ್ತಿದ್ದದ್ದು ಈ ಕಾರಣಕ್ಕೆ.

ಸಮುದ್ರದ ಮೇಲಿನ ಪಾಠ ಇನ್ನೂ ವಿಚಿತ್ರ. ಸಬ್‌ಮರೀನ್ ಬೇಟೆಗೆ ಹೋಗುತ್ತಿದ್ದ ಬ್ರಿಟಿಷ್ ವಿಮಾನಗಳಲ್ಲಿ ಕೆಲವು ರಾತ್ರಿ ಬಾಂಬರ್ ಆಗಿದ್ದವು, ಹೊಟ್ಟೆ ಕಪ್ಪು. ವಿಮಾನ ಹತ್ತಿರ ಬರುವ ಮೊದಲೇ ಜರ್ಮನ್ ಕಾವಲಿನವನು ಕಂಡು, ಸಬ್‌ಮರೀನ್ ಮುಳುಗಿಬಿಡುತ್ತಿತ್ತು. ಬಿಳಿ ಬಳಿದು ನೋಡಿದರು, ಇನ್ನಷ್ಟು ಹತ್ತಿರ ಹೋಗಲು ಸಾಧ್ಯವಾಯಿತು. ಮೀನು ಹಿಡಿಯುವ ಕಡಲಹಕ್ಕಿಗಳ ಹೊಟ್ಟೆ ಬಿಳಿ ಇರುವುದು ಸುಮ್ಮನಲ್ಲ. 1941ರಿಂದ ಬ್ರಿಟಿಷ್ ಕರಾವಳಿ ಕಾವಲಿನ ವಿಮಾನಗಳು ಬಿಳಿಯಾದವು.

ಆದರೆ ಬಿಳಿ ಬಣ್ಣಕ್ಕೂ ಒಂದು ಮಿತಿ ಇದೆ. ಬಿಸಿಲು ಬೀಳದ ಕಡೆ ಬಿಳಿ ಕೂಡ ನೆರಳೇ. ಎಷ್ಟೇ ಬಿಳಿಯ ಹೊಟ್ಟೆಯಾದರೂ ಅದರ ಹಿಂದಿನ ಆಕಾಶ ಅದಕ್ಕಿಂತ ಬೆಳಗುತ್ತದೆ. ಅಮೆರಿಕನ್ ನೌಕಾಪಡೆಗಾಗಿ 1943ರಲ್ಲಿ ಶುರುವಾದ ಒಂದು ಗುಪ್ತ ಪ್ರಯೋಗ ಇಲ್ಲಿಗೇ ಕೈ ಹಾಕಿತು. ವಿಮಾನವನ್ನು ಅಡಗಿಸಲು ಅದಕ್ಕೆ ದೀಪ ಹಚ್ಚಿದರು! ಅವೆಂಜರ್ ವಿಮಾನದ ರೆಕ್ಕೆಯ ಮುಂದಂಚಿಗೆ, ಮೂತಿಗೆ ಸಾಲು ಬಲ್ಬ್ ಕೂರಿಸಿ, ಅವುಗಳ ಪ್ರಖರತೆಯನ್ನು ಆಕಾಶದ ಬೆಳಕಿಗೆ ಸರಿದೂಗಿಸಿದರು. ದೀಪವಿಲ್ಲದೆ 12 ಮೈಲಿ ದೂರದಿಂದ ಕಾಣುತ್ತಿದ್ದ ವಿಮಾನ, ದೀಪ ಹಚ್ಚಿದಾಗ ಸುಮಾರು 3,000 ಗಜದಷ್ಟು ಹತ್ತಿರ ಬರುವವರೆಗೂ ಕಾಣಲಿಲ್ಲ. ಯೆಹೂದಿ ಎಂಬ ಹೆಸರಿನ ಈ ದೀಪಗಳು ಯುದ್ಧದಲ್ಲಿ ಬಳಕೆಯಾಗಲಿಲ್ಲ. ಅಷ್ಟರಲ್ಲಿ ಕಣ್ಣಿನ ಕೆಲಸವನ್ನು ರೇಡಾರ್ ವಹಿಸಿಕೊಂಡಿತ್ತು. ಇಡೀ ಈ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಉಪಾಯ ಮತ್ತೊಂದಿಲ್ಲ, ಇದಕ್ಕಿಂತ ತಡವಾಗಿ ಬಂದದ್ದೂ ಇಲ್ಲ.

ಇತ್ತ ಗುರುತಿನ ತಕರಾರು ಮುಂದುವರಿದೇ ಇತ್ತು. ಅಮೆರಿಕದ ಚಿಹ್ನೆಯಲ್ಲಿ ಬಿಳಿ ನಕ್ಷತ್ರದ ನಡುವೆ ಒಂದು ಕೆಂಪು ಚುಕ್ಕೆ ಇತ್ತು. ಪರ್ಲ್ ಹಾರ್ಬರ್ ಆದ ಮೇಲೆ ಪೆಸಿಫಿಕ್ಕಿನಲ್ಲಿ ಕೆಂಪು ಚುಕ್ಕೆ ಎಂದರೆ ಜಪಾನಿನ ಸೂರ್ಯ. 1942ರ ಮೇ ತಿಂಗಳಲ್ಲಿ ಆ ಚುಕ್ಕೆಯನ್ನು ತೆಗೆದುಹಾಕಿದರು. ಮುಂದಿನ ವರ್ಷ ಎರಡೂ ಬದಿಗೆ ಬಿಳಿ ಪಟ್ಟಿ ಸೇರಿಸಿ ಸುತ್ತ ಕೆಂಪು ಅಂಚು ಕೊಟ್ಟರು. ಮತ್ತೆ ಕೆಂಪು! ಕೆಲವೇ ತಿಂಗಳಲ್ಲಿ ಅಂಚನ್ನೂ ನೀಲಿ ಮಾಡಿದರು. ಬರ್ಮಾ ಗಡಿಯಲ್ಲೂ ಇದೇ ಕಥೆ. ಭಾರತದಿಂದ ಹಾರುತ್ತಿದ್ದ ಬ್ರಿಟಿಷ್ ವಿಮಾನಗಳೂ, ಜೊತೆಗೆ ಭಾರತೀಯ ವಾಯುಪಡೆಯ ವಿಮಾನಗಳೂ ರೌಂಡೆಲ್ಲಿನ ಕೆಂಪನ್ನು ಕೈಬಿಟ್ಟು, ಗಾಢ ನೀಲಿ ಮತ್ತು ತಿಳಿ ನೀಲಿಯ ಚಿಕ್ಕ ವೃತ್ತಕ್ಕೆ ಬಂದವು. ಬೆನ್ನಲ್ಲೇ ರೆಕ್ಕೆ, ಬಾಲಗಳಿಗೆ ದಪ್ಪ ಬಿಳಿ ಪಟ್ಟಿಗಳೂ ಬಂದವು, ಜಪಾನಿ ವಿಮಾನವೆಂದು ಯಾರೂ ತಪ್ಪು ತಿಳಿಯದಿರಲೆಂದು.

ಯುದ್ಧದ ಕೊನೆಯ ವಾರಗಳಲ್ಲಿ ಜರ್ಮನ್ನರಿಗೂ ಇದೇ ಗತಿ ಬಂತು. ಮ್ಯೂನಿಕ್ ಬಳಿಯ ನೆಲೆಯಿಂದ ಅವರ ಹೊಸ ಜೆಟ್ ವಿಮಾನ ಎಂಇ-262 ಹಾರುತ್ತಿತ್ತು. ಏರುವಾಗ, ಇಳಿಯುವಾಗ ಅದು ನಿಧಾನ, ಆಗ ಅಮೆರಿಕನ್ನರು ಎರಗುತ್ತಿದ್ದರು. ಕಾವಲಿಗೆ ಫಾಕೆ-ವುಲ್ಫ್ 190 ವಿಮಾನಗಳನ್ನು ಇಟ್ಟರು. ಆದರೆ ಅಷ್ಟರಲ್ಲಿ ಜರ್ಮನ್ ತೋಪಿನವರು ಕೆಳಮಟ್ಟದಲ್ಲಿ ಪ್ರೊಪೆಲ್ಲರ್ ವಿಮಾನ ಕಂಡರೆ ವಿಚಾರಿಸದೆ ಹೊಡೆಯುವುದನ್ನು ಕಲಿತಿದ್ದರು. ಹಾಗಾಗಿ ಆ ಕಾವಲು ವಿಮಾನಗಳ ಹೊಟ್ಟೆಗೆ ಕಡುಗೆಂಪು ಬಳಿದು, ಮೇಲೆ ಬಿಳಿ ಗೆರೆ ಎಳೆದರು. ಗಿಳಿ ತುಕಡಿ ಎಂದು ಅದಕ್ಕೆ ಅಡ್ಡಹೆಸರು ಬಿತ್ತು. ಆ ಫಾಕೆ-ವುಲ್ಫ್ 190ರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಭಾರತದ ಮೊದಲ ಸ್ವದೇಶಿ ಜೆಟ್ ಫೈಟರ್ ಎಚ್‌ಎಫ್-24 ಮಾರುತ್ ರೂಪಿಸಿದರು. 1961ರ ಜೂನ್ 17ರಂದು ಅದು ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿ ಹಾರಿತು.

ಅಣುಬಾಂಬು ಬಂದ ಮೇಲೆ ಬಣ್ಣ ಅಡಗುವುದಕ್ಕೂ ಅಲ್ಲ, ಗುರುತಿಗೂ ಅಲ್ಲ, ಬೇಯದೆ ಉಳಿಯುವುದಕ್ಕೆ. ಬ್ರಿಟನ್ನಿನ ವಲ್ಕನ್, ವಿಕ್ಟರ್, ವ್ಯಾಲಿಯಂಟ್ ಬಾಂಬರ್‌ಗಳಿಗೆ ಅಪ್ಪಟ ಬಿಳಿ ಬಳಿದರು. ತಾವೇ ಹಾಕಿದ ಬಾಂಬಿನ ಝಳವನ್ನು ಆ ಮೈ ಪ್ರತಿಫಲಿಸಬೇಕಿತ್ತು. ಗಾಢ ಬಣ್ಣ ಶಾಖ ಹೀರುತ್ತದೆಂದು ರೌಂಡೆಲ್ಲನ್ನೂ ಪೇಲವ ಗುಲಾಬಿ, ಪೇಲವ ನೀಲಿಗೆ ಇಳಿಸಿದರು. 1960ರ ಮೇ 1ರಂದು ಸೋವಿಯತ್ ಕ್ಷಿಪಣಿಯೊಂದು ಅತಿ ಎತ್ತರದಲ್ಲಿದ್ದ ಅಮೆರಿಕದ ಯು-2 ಗೂಢಚಾರ ವಿಮಾನವನ್ನು ಕೆಡವಿತು. ಎತ್ತರದಲ್ಲಿ ಹಾರಿದರೆ ಸುರಕ್ಷಿತ ಎಂಬ ನಂಬಿಕೆಯೂ ಅದರ ಜೊತೆಗೆ ಬಿತ್ತು. ಬಾಂಬರ್‌ಗಳು ನೆಲದ ಹತ್ತಿರಕ್ಕೆ ಇಳಿದವು, ಬೆನ್ನಿಗೆ ಮತ್ತೆ ಹಸಿರು, ಬೂದು ಬಂತು. ಅಮೆರಿಕನ್ನರು ವಿಯೆಟ್ನಾಮಿಗೆ ಬೆಳ್ಳಿಯಂತೆ ಹೊಳೆಯುವ ವಿಮಾನ ಒಯ್ದು, 1965ರ ಹೊತ್ತಿಗೆ ಅವಕ್ಕೂ ಕಾಡಿನ ಬಣ್ಣ ಬಳಿಯತೊಡಗಿದರು.

ನಮ್ಮಲ್ಲೂ ಹೀಗೇ. 1965ರ ಯುದ್ಧದ ನ್ಯಾಟ್‌ಗಳ ಫೋಟೊ ನೋಡಿದರೆ ಬೆಳ್ಳಿಮೈ. 1971ರ ಹೊತ್ತಿಗೆ ಮಿಗ್-21ಗಳ ಮೇಲೆ ಹಸಿರು ಮೆತ್ತಿಕೊಂಡಿತ್ತು, ಒಂದೊಂದು ಸ್ಕ್ವಾಡ್ರನ್ನಿನದು ಒಂದೊಂದು ಬಗೆ. ಕೆಲವು ಹುಲಿಪಟ್ಟೆಯಂತೆ, ಕೆಲವು ಕೈಗೆ ಬಂದಂತೆ. ಆ ಚಳಿಗಾಲದಲ್ಲಿ ಆಗ್ರಾ ವಾಯುನೆಲೆಯ ಮೇಲೆ ದಾಳಿಯಾದಾಗ ತಾಜ್‌ಮಹಲಿಗೂ ಹಸಿರು ಹೊದಿಕೆ ಹೊದಿಸಬೇಕಾಯಿತು, ಬೆಳದಿಂಗಳಲ್ಲಿ ಬಾಂಬರಿಗೆ ದಾರಿ ತೋರಿಸದಿರಲೆಂದು.

ಈಗ ಲೋಕವೆಲ್ಲ ಬೂದುಮಯ. 1970ರ ದಶಕದಲ್ಲಿ ಅಮೆರಿಕದ ಎಫ್-15ಗೆ ಬಂದ ತಿಳಿಬೂದು ಅಲ್ಲಿಂದಾಚೆ ಎಲ್ಲ ಕಡೆ ಹಬ್ಬಿತು. ಮಿರಾಜ್, ಸುಖೋಯ್, ಬೆಂಗಳೂರಿನ ತೇಜಸ್ ಎಲ್ಲಕ್ಕೂ ಬೂದಿನ ಒಂದಲ್ಲ ಒಂದು ಛಾಯೆ. ಯಾವ ಹವೆಗೂ ಪೂರಾ ಹೊಂದದ, ಯಾವ ಹವೆಗೂ ಪೂರಾ ಎದ್ದು ಕಾಣದ ಬಣ್ಣ ಅದು. ನೆಲಕ್ಕೆ ತಾಗುವಂತೆ ಹಾರುವ ನಮ್ಮ ಜಾಗ್ವಾರ್‌ಗಳು ಮಾತ್ರ ಬಹುಕಾಲ ಹಸಿರು, ಬೂದು ಉಟ್ಟುಕೊಂಡೇ ಇದ್ದವು. ಈ ಬೇಸರದ ಬೂದಿನಲ್ಲೂ ಒಂದು ಚೇಷ್ಟೆ ಉಳಿದಿದೆ. ಅಮೆರಿಕದ ವಿಮಾನ ಚಿತ್ರಕಾರ ಕೀತ್ ಫೆರಿಸ್ ಸೂಚಿಸಿದಂತೆ ಕೆನಡಾದ ಸಿಎಫ್-18 ವಿಮಾನಗಳ ಹೊಟ್ಟೆಯ ಮೇಲೆ ಸುಳ್ಳು ಕಾಕ್‌ಪಿಟ್ ಬರೆಯಲಾಗಿದೆ. ಕಾಳಗದಲ್ಲಿ ಎದುರಾಳಿಗೆ ಬೆನ್ನು ಯಾವುದು, ಹೊಟ್ಟೆ ಯಾವುದೆಂದು ಒಂದು ಕ್ಷಣ ಗೊಂದಲವಾದರೆ ಸಾಕು, ಈತ ಯಾವ ಕಡೆ ತಿರುಗುತ್ತಾನೆಂಬ ಅಂದಾಜು ತಪ್ಪುತ್ತದೆ.

ತರಬೇತಿ ವಿಮಾನಗಳು ಮಾತ್ರ ಎಲ್ಲರಿಗೂ ಕಾಣಬೇಕು, ಡಿಕ್ಕಿ ತಪ್ಪಬೇಕು. ಅದಕ್ಕೆ ಹಳದಿ, ಕೆಂಪು, ಕಿತ್ತಳೆ ವಾಡಿಕೆ. ಬೀದರಿನ ಸೂರ್ಯಕಿರಣ ತಂಡದ ಕೆಂಪು ಬಿಳಿ ವಿಮಾನಗಳನ್ನು ಕಂಡವರಿಗೆ ಇದು ಗೊತ್ತು. ಬ್ರಿಟಿಷರು ಪರೀಕ್ಷೆ ಮಾಡಿ ನೋಡಿದಾಗ ಹಗಲಿನ ಆಕಾಶದಲ್ಲಿ ಎಲ್ಲಕ್ಕಿಂತ ಎದ್ದು ಕಂಡದ್ದು ಮಾತ್ರ ಹೊಳೆಯುವ ಕಪ್ಪು. 1990ರ ದಶಕದಿಂದ ಅವರ ಹಾಕ್ ತರಬೇತಿ ವಿಮಾನಗಳು ಮೈಪೂರ್ತಿ ಕಪ್ಪು.

ಗುರುತಿನ ಕೆಲಸವನ್ನು ಎರಡನೇ ಮಹಾಯುದ್ಧದಿಂದಲೇ ಬಣ್ಣದ ಕೈಯಿಂದ ರೇಡಿಯೊ ಕಸಿದುಕೊಳ್ಳತೊಡಗಿತ್ತು. ನೆಲದ ಯಂತ್ರ ನೀನಾರೆಂದು ಕೇಳುತ್ತದೆ, ವಿಮಾನದ ಯಂತ್ರ ಸಂಕೇತದಲ್ಲಿ ಉತ್ತರಿಸುತ್ತದೆ. ಐಎಫ್‌ಎಫ್ ಎಂದು ಕರೆಯುವ ಈ ಏರ್ಪಾಡು ಬಂದ ಮೇಲೆ ಪಟ್ಟೆ, ಚುಕ್ಕೆಗಳ ಅವಸರ ತಪ್ಪಿತು, ತಪ್ಪು ತಪ್ಪಲಿಲ್ಲ. 2019ರ ಫೆಬ್ರವರಿ 27ರ ಬೆಳಗ್ಗೆ, ಬಾಲಾಕೋಟ್ ದಾಳಿಯ ಮರುದಿನ, ಶ್ರೀನಗರದ ಬಳಿಯ ಬುಡ್ಗಾಮ್‌ನಲ್ಲಿ ಭಾರತೀಯ ವಾಯುಪಡೆಯ ಎಂಐ-17 ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಕೆಡವಿತು. ಅದರಲ್ಲಿದ್ದ ಆರು ಮಂದಿ, ನೆಲದಲ್ಲಿದ್ದ ಒಬ್ಬ ನಾಗರಿಕ ಪ್ರಾಣ ಕಳೆದುಕೊಂಡರು. ಅದು ದೊಡ್ಡ ತಪ್ಪೆಂದು ಆ ವರ್ಷದ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥರೇ ಒಪ್ಪಿಕೊಂಡರು. ಸಿಸಿಲಿಗೂ ಬುಡ್ಗಾಮ್‌ಗೂ ನಡುವೆ 75 ವರ್ಷ, ಹತ್ತಾರು ಬಗೆಯ ಯಂತ್ರ. ಆದರೆ ಎರಡೂ ಕಡೆ ಗುಂಡು ಹಾರಿದ್ದು ದಾಳಿಗೆ ಮರುದಾಳಿಯ ಉದ್ವೇಗ ಏರಿದ್ದ ಗಳಿಗೆಯಲ್ಲಿ.

ಅಡಗಬೇಕಾದದ್ದು ಯಾರ ಕಣ್ಣಿನಿಂದ ಎಂಬುದೂ ಈಗ ಬದಲಾಗಿದೆ. ಉಕ್ರೇನ್ ಯುದ್ಧದಲ್ಲಿ 2023ರಿಂದ ರಷ್ಯನ್ನರು ತಮ್ಮ ಬಾಂಬರ್‌ಗಳ ರೆಕ್ಕೆಯ ಮೇಲೆ ಹಳೆಯ ಕಾರಿನ ಟೈರುಗಳನ್ನು ಸಾಲಾಗಿ ಇಟ್ಟರು. ಲೋಕ ನಕ್ಕಿತು. ಆಕಾರ ನೋಡಿ ಗುರಿ ಹುಡುಕುವ ಕ್ಯಾಮೆರಾ ಯಂತ್ರಗಳು ಇದರಿಂದ ಗಲಿಬಿಲಿಗೊಳ್ಳುತ್ತವೆಂದು ಮರುವರ್ಷ ಅಮೆರಿಕದ ಸೇನಾಧಿಕಾರಿಗಳೇ ಹೇಳಿದರು. ಬಾಹ್ಯರೇಖೆ ಒಡೆಯುವುದೆಂದರೆ ಇದೇ, ಕುಂಚದ ಬದಲು ಟೈರು. ರಷ್ಯನ್ನರು ನೆಲೆಗಳ ಕಾಂಕ್ರೀಟಿನ ಮೇಲೆ ಬಾಂಬರ್‌ಗಳ ಚಿತ್ರವನ್ನೂ ಬರೆದರು, ಉಪಗ್ರಹದ ಕಣ್ಣಿಗೆ ಮಣ್ಣೆರಚಲು. 2025ರ ಜೂನ್ 1ರಂದು ಉಕ್ರೇನಿನ ಪುಟ್ಟ ಡ್ರೋನ್‌ಗಳು ಅದೇ ಬಾಂಬರ್‌ಗಳ ಮೇಲೆರಗಿದಾಗ ಹೊರಬಂದ ವಿಡಿಯೊಗಳಲ್ಲಿ ರೆಕ್ಕೆಯ ಮೇಲಿನ ಟೈರುಗಳು ನಿಚ್ಚಳವಾಗಿ ಕಾಣುತ್ತಿದ್ದವು. ಟೈರುಗಳಿದ್ದೂ ವಿಮಾನಗಳು ಸುಟ್ಟವು.

ಬೆಂಗಳೂರಿಗೆ ಬಂದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ಕುರ್ಟ್ ಟ್ಯಾಂಕರ ಮಾರುತ್ ನೋಡಬಹುದು. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲಿ ಇನ್ನೂ ಹಲವು ವಿಮಾನಗಳಿವೆ. ಪ್ರದರ್ಶನಕ್ಕಿಟ್ಟ ವಿಮಾನಗಳಿಗೆ ಆಗಾಗ ಹೊಸ ಬಣ್ಣ ಬಳಿಯುತ್ತಾರೆ, ಆದ್ದರಿಂದ ಕಂಡದ್ದನ್ನೆಲ್ಲ ಯುದ್ಧದ ಬಣ್ಣವೆಂದು ನಂಬಬೇಡಿ. ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ ಮೇಲೆ ಒಮ್ಮೆ ಬಗ್ಗಿ ರೆಕ್ಕೆಯ ಕೆಳಮೈಯನ್ನೂ ನೋಡಿ. ಬಹಳಷ್ಟು ತಲೆಗಳು ಬಹಳಷ್ಟು ವರ್ಷ ಕೆಲಸ ಮಾಡಿದ್ದು ಆ ಭಾಗದ ಮೇಲೆ.